ಕುಬಸದ ಖಣ, ಕುಸುಬಿ ಎಣ್ಣೆ

ನನ್ನ ಹೊಲಿಗೆ ಮಷೀನಿನ ಮುಂದೆ ಇನ್ನೊಬ್ಬಳು ಕೂತು ಹೊಲಿಯುವುದನ್ನು ವರ್ಷಕ್ಕೂ ಮೇಲೆ ನೋಡಿದವಳು ನಾನು. ಹೊಟ್ಟೆಕಿಚ್ಚು ಎಂದರೆ ಏನು ಅಂತ ಯಾರಾದರೂ ಕೇಳಿದರೆ ಆ ಮಷೀನಿನ ಸಪ್ಪಳ ಎಂದು ಹೇಳುತ್ತೇನೆ. ನಾನು ಒಳಗೆ ರೊಟ್ಟಿ ಬಡಿಯುತ್ತ ಕೂತಿರುತ್ತಿದ್ದೆ, ಪಡಸಾಲೆಯಿಂದ ಅದರ ಓಟ ಕೇಳಿಸುತ್ತಿತ್ತು. ನಾನು ಹೊಲಿಯುವಾಗ ಅದು ತಡವರಿಸುತ್ತಿತ್ತು, ದಾರ ಕಡಿಯುತ್ತಿತ್ತು, ನಡುವೆಯೇ ನಿಂತುಬಿಡುತ್ತಿತ್ತು. ಅವಳು ಕೂತಳೆಂದರೆ ಒಂದೇ ಉಸಿರಿಗೆ ಓಡುತ್ತಿತ್ತು. ನನ್ನ ತವರಿನ ಮಷೀನು ಅವಳ ಕಾಲಿಗೆ ಒಲಿದಿತ್ತು. ನಾನು ಆ ಸಿಟ್ಟನ್ನೆಲ್ಲ ರೊಟ್ಟಿಯ ಮೇಲೆ ತೀರಿಸುತ್ತಿದ್ದೆ. ಆ ವರ್ಷ ನಮ್ಮ ಮನೆಯ ರೊಟ್ಟಿ ಬಹಳ ತೆಳ್ಳಗೆ ಬರುತ್ತಿದ್ದವು ಎಂದು ಈಗಲೂ ನೆನೆಯುವವರಿದ್ದಾರೆ.

ಅವಳು ಎಂದರೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಇಂಡಿ ಊರಿನ ಹುಡುಗಿ. ಮದುವೆಗೆ ಮುಂಚೆ ವಿಜಾಪುರದಲ್ಲಿ ಸೋದರತ್ತೆಯೊಬ್ಬಳ ಮನೆಯಲ್ಲಿದ್ದು ಹೊಲಿಗೆ ಕ್ಲಾಸಿಗೆ ಹೋಗಿ ಬಂದಿದ್ದಳು. ಎಪ್ಪತ್ತರ ದಶಕದ ನಡುವಿನ ಮಾತು ಇದು. ನಾವು ಸಿಂದಗಿಯಲ್ಲಿ ಒಂದೇ ಮನೆಯಲ್ಲಿದ್ದೆವು: ಅತ್ತೆ, ಅಣ್ಣತಮ್ಮಂದಿರಿಬ್ಬರು, ನಾವಿಬ್ಬರು ಸೊಸೆಯಂದಿರು, ನನ್ನ ಎರಡು ಮಕ್ಕಳು. ಅವಳಿಗೆ ಮಕ್ಕಳಾಗಿರಲಿಲ್ಲ. ಹಾಗಾಗಿ ದಿನವೆಲ್ಲ ಹೊಲಿಯುತ್ತ ಕೂರಲು ಬಿಡುವಿದೆ, ಪುಣ್ಯವಂತೆ ಎಂದು ನಾನು ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದೆ. ನನಗೆ ಒಂದು ಮಗು ಸೆರಗು ಎಳೆದರೆ ಇನ್ನೊಂದು ದಾರದ ಉಂಡೆ ಹೊತ್ತುಕೊಂಡು ಅಂಗಳಕ್ಕೆ ಓಡುತ್ತಿತ್ತು.

ಆ ಮಷೀನು ನನ್ನ ಅಪ್ಪ ಕೊಟ್ಟದ್ದು. ಬಸವನ ಬಾಗೇವಾಡಿಯಿಂದ ಬಸ್ಸಿನ ಮೇಲೆ ಹಗ್ಗ ಬಿಗಿದು ತಂದಿದ್ದ. ಸ್ಟ್ಯಾಂಡಿನಲ್ಲಿ ಇಳಿಸಿದ ಮೇಲೆ ಯಾರಿಗೂ ತೋರಿಸದೆ, ಮೊದಲು ಹೆಗಲ ಮೇಲಿನ ವಸ್ತ್ರದಿಂದ ದಾರಿಯ ಧೂಳು ಒರೆಸಿ, ಚಕ್ರ ಒಮ್ಮೆ ತಿರುಗಿಸಿ ನೋಡಿ, ಆಮೇಲೆ ಗಾಡಿಗೆ ಹೇರಿಸಿದ. ಕಪ್ಪು ಮೈ, ಅದರ ಮೇಲೆ ಬಂಗಾರದ ಬಣ್ಣದ ಬಳ್ಳಿ. ಅವ್ವ ಅದರ ಜೊತೆಗೆ ಉಪದೇಶವನ್ನೂ ಕಟ್ಟಿ ಕಳಿಸಿದ್ದಳು. "ಎಣ್ಣಿ ಹಾಕಿದ ದಿನ ಹೊಸಾ ಅರಬಿ ಮುಟ್ಟಬ್ಯಾಡ. ಮದಲ ಹಳೇ ಅರಬಿಗೆ ಉಣಿಸು. ಅದು ಉಂಡು ತೇಗಿದ ಮ್ಯಾಲೆ ನೀ ಹೊಲಿಯಾಕ ಕುಂದ್ರು." ನಾನು ಹೊಲಿಗೆಯಲ್ಲಿ ಅಷ್ಟಕ್ಕಷ್ಟೇ ಆದರೂ ಈ ಮಾತನ್ನು ಮಾತ್ರ ತಪ್ಪಿಸಿದವಳಲ್ಲ. ಎಣ್ಣೆ ಹಾಕಿದ ದಿನ ಹಳೆಯ ಧೋತರದ ತುಂಡೊಂದನ್ನು ಸೂಜಿಯ ಕೆಳಗಿಟ್ಟು ಬಟ್ಟೆ ಒತ್ತಿ ಹಿಡಿಯುವ ಮಷೀನಿನ ಕಾಲು ಇಳಿಸಿ ಬಿಡುತ್ತಿದ್ದೆ. ಬೆಳಿಗ್ಗೆ ನೋಡಿದರೆ ಹೆಚ್ಚಾದ ಎಣ್ಣೆಯೆಲ್ಲ ಅದರಲ್ಲಿ ಇಳಿದಿರುತ್ತಿತ್ತು.

ನಾನು ಸೊಸೆಯಾಗಿ ಬಂದಾಗ ನನ್ನ ನಾದಿನಿ ಪಾಟಿಚೀಲ ಹೊತ್ತು ಸಣ್ಣ ಸಾಲಿಗೆ ಹೋಗುತ್ತಿದ್ದ ಹುಡುಗಿ. ಮಷೀನಿನ ಮೇಲೆ ನಾನು ಹೊಲಿದ ಮೊದಲ ಬಟ್ಟೆ ಅವಳ ಲಂಗ. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಅದನ್ನೇ ಹಾಕಿಕೊಂಡು ಓಣಿಯೆಲ್ಲ ತಿರುಗಿ "ನಮ್ಮ ವೈನಿ ಹೊಲದಾರ" ಎಂದು ಅತ್ತಿಗೆಯ ಗುಣಗಾನ ಸಾರಿ ಬಂದಿದ್ದಳು. ಅವಳ ತಲೆಗೆ ಅತ್ತೆ ಸುರಿಯುತ್ತಿದ್ದ ಎಣ್ಣೆ ಜಡೆಯಿಂದ ಇಳಿದು ಅಂಗಿಯ ಕಾಲರಿಗೆ ದಿನವೂ ಕಲೆ ಮಾಡುತ್ತಿತ್ತು. ಜೋಳದ ಹಿಟ್ಟು ಉದುರಿಸಿ, ಬಿಸಿನೀರಿನ ತಂಬಿಗೆ ಮೇಲಿಟ್ಟು, ಅಂಟಲಕಾಯಿ ನೊರೆಯಿಂದ ತೊಳೆದು ಆ ಕಲೆ ತೆಗೆಯುವುದು ನನ್ನ ಸಂಜೆಯ ಕೆಲಸ. ಹಾಗೆ ಬೆಳೆದ ಹುಡುಗಿ ಮುದ್ದೇಬಿಹಾಳಕ್ಕೆ ಮದುವೆಯಾಗಿ ಹೋದಳು. ಹೋಗುವಾಗ ತಾಯಿಗಿಂತ ಹೆಚ್ಚು ನನ್ನ ಕೊರಳಿಗೆ ಬಿದ್ದು ಅತ್ತಳು. ಅದನ್ನು ನಾನು ಬೀಗುತ್ತಲೇ ನೆನೆಯುತ್ತಿದ್ದೆ.

ದಸರೆ ಹತ್ತಿರ ಬಂದಾಗ ನಾದಿನಿ ಬಸುರಿ ಎಂಬ ಸುದ್ದಿ ಬಂತು. ಅಂದರೆ ಕುಬಸ ಮಾಡಬೇಕು. ನಮ್ಮ ಕಡೆ ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಹಸಿರು ಖಣದ ಕುಬಸ, ಅಂದರೆ ರವಿಕೆ, ಒಯ್ದು ಉಡಿ ತುಂಬುತ್ತಾರೆ. ನಮ್ಮ ಅತ್ತೆಯ ಶಾಸ್ತ್ರದಲ್ಲಿ ಆ ಕುಬಸವನ್ನು ದರ್ಜಿಗೆ ಕೊಡುವಂತಿಲ್ಲ, ಮನೆಯ ಹೆಣ್ಣಿನ ಕೈಯೇ ಹೊಲಿಯಬೇಕು. ಆ ಕೈ ನನ್ನದು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ನನ್ನ ಗಂಡ ಮುದ್ದೇಬಿಹಾಳಕ್ಕೆ ಹೋಗಿ ತಂಗಿಯನ್ನು ಮಾತಾಡಿಸಿಕೊಂಡು ಬಂದರು. ಕಾಲು ತೊಳೆಯುತ್ತ, ಯಾರೋ ಉಪ್ಪು ತರಲು ಹೇಳಿದ್ದಾರೆ ಎನ್ನುವ ಧಾಟಿಯಲ್ಲಿ ಅಂದರು. "ಕುಬಸ ಸಣ್ಣ ವೈನಿ ಹೊಲೀಲಿ ಅಂದಾಳ ನೋಡು."

"ಯಾರು ಅಂದಾರ?" ಎಂದೆ.

"ಆಕೀನ. ಸಣ್ಣ ವೈನಿ ಕೈ ಭಾಳ ಸಾಪ್ ಅಂತ."

ಹಂಚಿನ ಮೇಲಿನ ರೊಟ್ಟಿ ಹೊತ್ತಿಹೋಯಿತು. ನೆಗೆಣ್ಣಿಯ ಮೇಲೆ ಕಿಚ್ಚು ಇದ್ದದ್ದೇ, ಅದಕ್ಕೆ ನಾನು ಒಗ್ಗಿಕೊಂಡಿದ್ದೆ. ಆದರೆ ಇದು ನಾನು ಎತ್ತಿ ಆಡಿಸಿದ ಹುಡುಗಿಯ ಬಾಯಿಂದ ಬಂದ ಮಾತು. ಅಪ್ಪ ಕೊಟ್ಟ ಮಷೀನು ಹೋಯಿತು, ಈಗ ಹುಡುಗಿಯೂ ಹೋದಳು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಅಂದಿನಿಂದ ಆ ಮಷೀನನ್ನು ಮುಟ್ಟುವುದಿಲ್ಲ ಎಂದು ಒಳಗೊಳಗೇ ಆಣೆ ಮಾಡಿದೆ. ಮಕ್ಕಳ ಅಂಗಿ ಹರಿದರೂ ಕೈಯಲ್ಲೇ ಸೂಜಿ ಹಾಕಿದೆ.

ದಸರೆಯ ಖಂಡೇಪೂಜೆಗೆ ಅತ್ತೆ ಕುಡುಗೋಲು, ಕುರ್ಪಿ, ಬೀಸುಕಲ್ಲುಗಳ ಸಾಲಿಗೆ ಮಷೀನನ್ನೂ ಸೇರಿಸಿ ವಿಭೂತಿ ಕುಂಕುಮ ಹಚ್ಚಿದರು. ಗುಳೇದಗುಡ್ಡದಿಂದ ತರಿಸಿದ್ದ ಹಸಿರು ಖಣವನ್ನು ಜಗಲಿಯ ಮೇಲಿಟ್ಟು ದೇವರಿಗೆ ತೋರಿಸಿದರು. ಒಮ್ಮೆ ಜಗಲಿಗೆ ಏರಿದ ಖಣವನ್ನು ಬದಲಿಸುವಂತಿಲ್ಲ, ಬಸುರಿಗೆ ಅದೇ ಆಗಬೇಕು ಎಂಬುದು ಅವರ ಇನ್ನೊಂದು ಶಾಸ್ತ್ರ. ನೆಗೆಣ್ಣಿ ಅಂದೇ ಅದನ್ನು ಕತ್ತರಿಸಿ ಮಡಚಿಟ್ಟು, ಮರುದಿನ ತವರಿಗೆ ಹೋದಳು. ಹೋದವಳು ದೀಪಾವಳಿ ಮುಗಿಸಿಕೊಂಡೇ ಬಂದಳು. ಅಲ್ಲಿಯವರೆಗೆ ಮಷೀನಿನ ಮೇಲೆ ನಾನೂ ಕೂರಲಿಲ್ಲ, ಯಾರೂ ಕೂರಲಿಲ್ಲ. ಅದರ ಮೇಲೆ ಕುಂಕುಮ ಒಣಗಿ ನಿಂತಿತ್ತು.

ಬಂದ ಮಾರನೆಯ ದಿನ ನೆಗೆಣ್ಣಿ ಹೊಲಿಯಲು ಕೂತಳು. ನಾನು ಅಡುಗೆಮನೆಯಲ್ಲಿ ಕಿವಿ ಕೊಟ್ಟು ಕೂತಿದ್ದೆ. ಸಪ್ಪಳವೇ ಇಲ್ಲ.

"ಅಕ್ಕಾರ, ಮಷೀನ ಯಾಕೋ ಬಿಗೀ ಹಿಡದೈತ್ರಿ. ಗಾಲಿ ತಿರಗವಲ್ದು" ಎಂದು ಕೂಗಿದಳು.

"ನನಗೇನ ಗೊತ್ತವಾ? ನಾ ಮುಟ್ಟೇ ಇಲ್ಲ" ಎಂದೆ. ನನ್ನ ಹೊಟ್ಟೆಗೆ ತಂಪಾಯಿತು. ಆಗಲಿ, ಅದಕ್ಕೂ ಮಾನ ಇದೆ, ಯಾರ ತವರಿನದು ಎಂದು ಅದಕ್ಕೆ ನೆನಪಿದೆ ಅಂದುಕೊಂಡೆ.

ಅವಳು ಡಬ್ಬಿಯಿಂದ ಮಷೀನ್ ಎಣ್ಣೆ ತೆಗೆದು ಎಲ್ಲ ತೂತಿಗೂ ಹಾಕಿದಳು. ಸಾಲದೆ ಇನ್ನಷ್ಟು ಹಾಕಿದಳು. ಚಕ್ರ ಹಿಡಿದು ಹಿಂದೆ ಮುಂದೆ ಜಗ್ಗಿದಳು. ಕಡೆಗೆ ಅದು ಕಿರ್ ಎಂದು ಕದಲಿತು, ನಿಧಾನಕ್ಕೆ ಓಡತೊಡಗಿತು. ಕುಬಸಕ್ಕೆ ದಿನ ಗೊತ್ತಾಗಿತ್ತು, ಅವಳಿಗೆ ಅವಸರ. ಹಳೆಯ ಅರಿವೆಗೆ ಉಣಿಸದೆ ನೇರವಾಗಿ ಖಣವನ್ನೇ ಸೂಜಿಯ ಕೆಳಗಿಟ್ಟಳು. ನಾಲ್ಕು ಹೊಲಿಗೆ ಬಿದ್ದವೋ ಇಲ್ಲವೋ, ಸೂಜಿಯ ಕಂಬಿಯಿಂದ ಕಂದು ಬಣ್ಣದ ಎಣ್ಣೆ ತೊಟ್ಟಿಕ್ಕಿ ತೋಳಿನ ತುಂಡಿನ ಮೇಲೆ, ಸರಿಯಾಗಿ ಕೆಂಪು ದಡಿಯ ಪಕ್ಕಕ್ಕೆ, ಹರಡಿಕೊಂಡಿತು.

ನಾನು ಇದನ್ನು ಕಂಡದ್ದು ಹಿತ್ತಲಲ್ಲಿ. ಪಾತ್ರೆ ಎತ್ತಿಕೊಂಡು ಹೋದರೆ ಅವಳು ಬಚ್ಚಲ ಕಲ್ಲಿನ ಹತ್ತಿರ ಕೂತಿದ್ದಾಳೆ. ಒಂದು ಕೈಯಲ್ಲಿ ಆ ತುಂಡು, ಇನ್ನೊಂದರಲ್ಲಿ ನೀರಿನ ಚರಿಗೆ, ಪಕ್ಕದಲ್ಲಿ ಬಟ್ಟೆ ಸಾಬೂನು. ಮುಖದಲ್ಲಿ ಹನಿ ರಕ್ತವಿಲ್ಲ. ಚರಿಗೆ ಬಗ್ಗಿತು.

"ನೀರ ಹಾಕಬ್ಯಾಡ!" ಎಂದು ಕಿರುಚಿದ್ದು ನಾನೇ ಎಂದು ನನಗೆ ಆಮೇಲೆ ತಿಳಿಯಿತು.

ನಾನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಏನಾಗುತ್ತಿತ್ತು? ನೀರು ಬಿದ್ದು ಸಾಬೂನು ತಿಕ್ಕಿದ್ದರೆ ಎಣ್ಣೆ ನೂಲಿನೊಳಗೆ ಕೂತುಬಿಡುತ್ತಿತ್ತು, ಹಸಿರು ಬಿಟ್ಟು ಕೆಂಪಿಗೆ ಹತ್ತುತ್ತಿತ್ತು. ಅತ್ತೆಗೆ ಗೊತ್ತಾಗುತ್ತಿತ್ತು. ವಿಜಾಪುರದ ಕ್ಲಾಸಿನ ಬಣ್ಣವೂ ಬಿಡುತ್ತಿತ್ತು. ಎಷ್ಟು ಚೆನ್ನಾಗಿತ್ತು! ಆದರೆ ಬಸುರಿ ತೊಡುವ ಖಣ ಅದು. ಕಲೆ ಬಿದ್ದ ಕುಬಸ ತೊಡಿಸಿದರು ಎಂದು ಮುದ್ದೇಬಿಹಾಳದ ಬೀಗರ ಮನೆಯಲ್ಲಿ ನನ್ನ ಹುಡುಗಿ ಜನ್ಮವೆಲ್ಲ ಮಾತು ಕೇಳಬೇಕು. ಕಿಚ್ಚು ಯೋಚನೆ ಮಾಡುವ ಮುಂಚೆಯೇ ಬಾಯಿ ಕೂಗಿಬಿಟ್ಟಿತ್ತು.

"ಅತ್ತ್ಯಾರಿಗೆ ಹೇಳಬ್ಯಾಡ್ರಿ ಅಕ್ಕಾರ" ಎಂದಳು. ಕಣ್ಣು ತುಂಬಿ ಬಂದಿದ್ದವು.

"ಮದಲ ಅಳೂದು ಬಿಡು. ಕಣ್ಣೀರೂ ನೀರ ಐತಿ, ಅರಬಿ ಮ್ಯಾಲೆ ಬೀಳಬಾರದು" ಎಂದೆ.

ತುಂಡನ್ನು ಒಳಗೆ ತಂದು ಹಲಗೆಯ ಮೇಲೆ ಹಾಸಿದೆ. ಮೊದಲು ಒಣ ಧೋತರದ ತುಂಡಿನಿಂದ ಒತ್ತಿ ಒತ್ತಿ ಮೇಲಿನ ಎಣ್ಣೆ ತೆಗೆದೆ. ಒತ್ತಬೇಕು, ತಿಕ್ಕಬಾರದು. ಆಮೇಲೆ ಕಲೆಯ ಕೆಳಗೂ ಮೇಲೂ ಜೋಳದ ಹಿಟ್ಟು ಹರಡಿ, ಮೇಲೊಂದು ತೆಳು ಅರಿವೆ ಹಾಸಿ, ಬಿಸಿನೀರು ತುಂಬಿದ ತಂಬಿಗೆ ಇಟ್ಟೆ. ಸ್ವಲ್ಪ ಹೊತ್ತಿಗೆ ಹಿಟ್ಟು ಕಂದಾಯಿತು. ಅದನ್ನು ಕೊಡವಿ ಹೊಸ ಹಿಟ್ಟು ಹಾಕಿದೆ. ನೆಗೆಣ್ಣಿ ಒಲೆಯ ಮುಂದೆ ಕೂತು ನೀರು ಕಾಯಿಸಿ ಕಾಯಿಸಿ ಕೊಟ್ಟಳು. ಹಿಟ್ಟು ಬೆಳ್ಳಗೇ ಉಳಿಯುವವರೆಗೆ ಹೀಗೇ ನಡೆಯಿತು. ಕಡೆಗೆ ಅಂಟಲಕಾಯಿ ನೊರೆ. ಮೊದಲು ಹೊಲಿಗೆಯ ಒಳಗೆ ಹೋಗುವ ಅಂಚಿಗೆ ಹಚ್ಚಿ ಬಣ್ಣ ಬಿಡುವುದಿಲ್ಲ ಎಂದು ನೋಡಿಕೊಂಡೆ. ಆಮೇಲೆ ಬೆರಳ ತುದಿಯಿಂದ ಕಲೆಯ ಹೊರಗಿನಿಂದ ಒಳಗೆ ಬಂದೆ. ಒಳಗಿನಿಂದ ಹೊರಗೆ ಹೋದರೆ ಕಲೆ ಹೋದರೂ ಅದರ ಉಂಗುರ ಉಳಿಯುತ್ತದೆ. ನೆರಳಲ್ಲಿ ಒಣಗಿಸಿ ಕಿಟಕಿಗೆ ಹಿಡಿದು ನೋಡಿದರೆ ಎಲ್ಲಿ ಬಿದ್ದಿತ್ತೆಂದು ನನಗೇ ಗುರುತು ಸಿಗಲಿಲ್ಲ.

ಗುರುತು ಸಿಗಲಿಲ್ಲ ಎಂದು ಸಂತೋಷಪಟ್ಟೆ, ಆಮೇಲೆ ಅದಕ್ಕೂ ಹೊಟ್ಟೆ ಉರಿಯಿತು. ಅವಳ ಹೊಲಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನನ್ನ ಕೆಲಸ ಚೆನ್ನಾಗಿ ಆದಷ್ಟೂ ಯಾರಿಗೂ ಕಾಣುವುದಿಲ್ಲ.

ಇನ್ನು ಮಷೀನು. ಹಾಗೇ ಬಿಟ್ಟರೆ ಇನ್ನೊಂದು ತೊಟ್ಟು ಬೀಳುವುದು ಖಂಡಿತ. ಆಣೆಯನ್ನು ಮುರಿದು ಅದರ ಮೈಮೇಲೆ ಕೈಯಿಟ್ಟೆ. ಅದನ್ನು ಹಿಂದಕ್ಕೆ ಮಗುಚಿ ಹೊಟ್ಟೆ ನೋಡಿದರೆ ಕೀಲುಕೀಲಿಗೂ ಜೇನುತುಪ್ಪದ ಬಣ್ಣದ ಅಂಟು. ಉಗುರಿನಿಂದ ಕೆರೆದು ಮೂಸಿದೆ. ದಿನವೂ ಒಗ್ಗರಣೆಗೆ ಹಾಕುವ ವಾಸನೆ.

"ಅತ್ತಿ, ಮಷೀನಿಗೆ ಏನ ಹಾಕೀರಿ?" ಎಂದು ಕೂಗಿದೆ.

ಅತ್ತೆ ಕಾಳು ಆರಿಸುತ್ತಿದ್ದವರು ತಲೆಯನ್ನೂ ಎತ್ತದೆ ಹೇಳಿದರು. "ಪೂಜಿ ದಿನ ಕುಸುಬಿ ಎಣ್ಣಿ ಹಾಕೇನಿ. ಬಂಡಿ ಗಾಲಿಗೆ ಅದನ್ನ ಹಾಕ್ತೇವಿ, ಬಾಗಲಾ ಕಿರುಗುಟ್ಟಿದ್ರ ಅದನ್ನ ಹಾಕ್ತೇವಿ. ಮನ್ಯಾಗಿನ ಮಂದಿಯೆಲ್ಲಾ ಅದನ್ನ ತಿಂದು ಬೆಳದೇವಿ. ಮಷೀನ ಅಷ್ಟ ಬ್ಯಾರೆ ಏನು?"

ಎಲ್ಲ ತೂತಿಗೂ, ಭಕ್ತಿಯಿಂದ, ಗಿಂಡಿಯಲ್ಲಿ ಸುರಿದಿದ್ದರು. ಕುಸುಬಿ ಎಣ್ಣೆ ಗಾಳಿಗೆ ಬಿಟ್ಟರೆ ಒಣಗಿ ಅಂಟಾಗುತ್ತದೆ. ಗಾಣದವರ ಮನೆಯ ಕಟ್ಟೆ ನೋಡಿದವರಿಗೆಲ್ಲ ಇದು ಗೊತ್ತು. ದಿನಾ ಓಡುತ್ತಿದ್ದರೆ ಇಷ್ಟು ಬಿಗಿಯುತ್ತಿರಲಿಲ್ಲ. ನನ್ನ ಆಣೆ ಅದಕ್ಕೆ ಒಣಗಲು ಪುರಸೊತ್ತು ಕೊಟ್ಟಿತ್ತು. ಅತ್ತೆಗೆ ಏನು ಹೇಳುವುದು? ನಾವಿಬ್ಬರು ಮುಖ ಮುಖ ನೋಡಿಕೊಂಡೆವು. ನಗು ತಡೆಯಲಾರದೆ ನೆಗೆಣ್ಣಿ ಸೆರಗು ಬಾಯಿಗೆ ತುರುಕಿಕೊಂಡಳು. ಅವಳ ಜೊತೆ ನಾನು ನಕ್ಕದ್ದು ಅದೇ ಮೊದಲಿರಬೇಕು.

ಅಂಗಳಕ್ಕೆ ಎತ್ತಿ ತಂದು ದೀಪಕ್ಕೆ ಹಾಕುವ ಚಿಮಣಿ ಎಣ್ಣೆಯನ್ನು ಕೀಲುಗಳಿಗೆ ಬಿಟ್ಟೆವು. ಅವಳು ಚಕ್ರ ತಿರುಗಿಸಿದಳು, ನಾನು ಬೇವಿನ ಕಡ್ಡಿಗೆ ಅರಿವೆ ಸುತ್ತಿ ಸಂದುಗೊಂದು ತಿಕ್ಕಿದೆ. ಕಂದು ರಾಡಿ ಇಳಿಯಿತು. ಇನ್ನಷ್ಟು ಬಿಟ್ಟು ಇನ್ನಷ್ಟು ತಿಕ್ಕಿದೆವು. ಚಕ್ರ ಹಗುರಾಗುತ್ತ ಬಂತು. ಎಲ್ಲವನ್ನೂ ಒಣಗಿಸಿ ಒರೆಸಿದ ಮೇಲೆ ಕೀಲಿಗೊಂದು ಹನಿ ಮಷೀನ್ ಎಣ್ಣೆ, ಕಾಲಿನ ಕೆಳಗೆ ಹಳೆಯ ಧೋತರ. ಬೆಳಿಗ್ಗೆ ಅದೇ ಧೋತರದ ಮೇಲೆ ಕಲೆ ಬೀಳುವುದು ನಿಲ್ಲುವವರೆಗೆ ಬರೀ ಗೆರೆ ಹೊಲಿದೆ. ಮಷೀನು ನನ್ನ ಕಾಲಿಗೂ ಎಷ್ಟು ಸಲೀಸಾಗಿ ಓಡಿತು! ಏಳಲು ಮನಸ್ಸಾಗಲಿಲ್ಲ. ನೆಗೆಣ್ಣಿ ಖಣ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ನೀವ ಹೊಲೀರಿ ಅಕ್ಕಾರ" ಎಂದಳು.

ಆ ಮಾತು ನನಗೆ ದಾನ ಹಾಕಿದಂತೆ ಕೇಳಿಸಿತು. "ಆಕಿ ನಿನ್ನ ಕೈ ಕೇಳ್ಯಾಳ. ಕುಂದ್ರು" ಎಂದು ಎದ್ದು ಒಳಗೆ ಹೋದೆ.

ಕುಬಸ ಹೊಲಿದದ್ದು ಚೆನ್ನಾಗಿತ್ತು. ಸುಳ್ಳು ಹೇಳಿ ಏನು ಪ್ರಯೋಜನ, ಬಹಳ ಚೆನ್ನಾಗಿತ್ತು. ಮುದ್ದೇಬಿಹಾಳದಲ್ಲಿ ಬೀಗಿತ್ತಿಯರು ಅದನ್ನು ಕೈಯಿಂದ ಕೈಗೆ ದಾಟಿಸಿ, ಒಳಮಗ್ಗುಲು ತಿರುವಿ, ಹೊಲಿಗೆ ಎಳೆದು ನೋಡಿದರು. "ಯಾರ ಹೊಲದಾರ್ರಿ?" ಎಂದರು. ಅತ್ತೆ ಹೆಮ್ಮೆಯಿಂದ ಸಣ್ಣ ಸೊಸೆಯ ಕಡೆ ಗಲ್ಲ ತೋರಿಸಿದರು. ನಾನು ಎಲೆ ಅಡಿಕೆಯ ತಟ್ಟೆ ನೋಡುತ್ತ ನಿಂತೆ.

ಒಳಕೋಣೆಯಲ್ಲಿ ನಾದಿನಿಗೆ ಕುಬಸ ತೊಡಿಸುವುದು ನನ್ನ ಪಾಲಿಗೆ ಬಂತು. ಗುಂಡಿ ಹಾಕುತ್ತಿದ್ದೆ. ಅವಳು ತೋಳನ್ನು ಮೂಗಿಗೆ ಹಿಡಿದಳು.

"ವೈನಿ, ಇದಕ್ಕ ಎಣ್ಣಿ ಬಿದ್ದಿತ್ತೇನ್ರಿ?"

ಮುಂದಿನ ಗುಂಡಿಗೆ ಕೈ ಹಾಕಿದೆ. "ಯಾಕ?"

"ಅಂಟಲಕಾಯಿ ವಾಸನಿ. ನನ್ನ ಸಾಲಿ ಅಂಗಿ ಹಿಂಗ ನಾರತಿತ್ತು."

ಒಂದು ಮಾತು ಹೇಳಿದ್ದರೆ ಸಾಕಿತ್ತು. ಸಾಪ್ ಕೈಯ ನಿಜ ತಿಳಿಯುತ್ತಿತ್ತು, ನನ್ನ ಕೈಯೂ ಕಾಣುತ್ತಿತ್ತು. ಬಾಗಿಲ ಹೊರಗೆ ಬೀಗಿತ್ತಿಯರ ಕಿವಿಗಳಿದ್ದವು. "ಹೊಸಾ ಖಣ ಅಂತ ಒಮ್ಮೆ ನೊರಿಯಾಗ ಅದ್ದಿ ತಗದೇನವಾ" ಎಂದೆ. ಆದರೆ ಕೇಳದೆ ಇರಲಾಗಲಿಲ್ಲ. "ಖರೇ ಹೇಳು, ಹೊಲಿಯಾಕ ನನಗ ಯಾಕ ಹೇಳಲಿಲ್ಲ?"

ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. "ಅಯ್ಯ, ನೀವು ಹೊಲದಿದ್ದ ಲಂಗಾ ನೆನಪಿಲ್ಲೇನು? ಒಂದ ಕಡೆ ಸಾಲಿಗೆ ಹೋಗತಿತ್ತು, ಒಂದ ಕಡೆ ಮನಿಗೆ ಬರತಿತ್ತು. ಹೊಲಿಗಿ ಸಣ್ಣ ವೈನಿ ಮಾಡ್ಲಿ ಬಿಡ್ರಿ. ನನ್ನ ಕೂಸಿಗೆ ಎಣ್ಣಿ ಹಚ್ಚಿ ಎರಿಯಾವ್ರು ನೀವು. ಅವ್ವಗೂ ಹೇಳೇನಿ, ಬ್ಯಾರೆ ಯಾರ ಕೈಯಾಗೂ ಕೊಡೂದಿಲ್ಲ."

ನಾನು ಅವಳ ಜಡೆ ಸರಿಮಾಡಿದೆ. ಕಣ್ಣೀರು ಖಣದ ಮೇಲೆ ಬೀಳಬಾರದೆಂದು ಮುಖ ಆಚೆ ತಿರುಗಿಸಿದೆ.

ಆರತಿಗೆ ಮಕ್ಕಳಾದ ಮುತ್ತೈದೆಯರು ಬನ್ನಿ ಎಂದು ಕರೆದರು. ನಾನು ಹೋದೆ. ಆರತಿ ಎತ್ತಿ ತಿರುಗುವಾಗ ನೆಗೆಣ್ಣಿ ಕಂಡಳು. ಗೋಡೆಗೆ ಒರಗಿ ನಿಂತಿದ್ದಳು. ಎಲ್ಲರೂ ಕುಬಸವನ್ನು ನೋಡುತ್ತಿದ್ದರು, ಅವಳು ಮಾತ್ರ ನಾದಿನಿಯ ಹೊಟ್ಟೆಯನ್ನು ನೋಡುತ್ತಿದ್ದಳು. ವರ್ಷವಿಡೀ ನಾನು ಅವಳಿಗೆ ಬಿಡುವಿದೆ ಎಂದುಕೊಂಡಿದ್ದೆ.

ಸಂಕ್ರಾಂತಿ ಆದ ಮೇಲೆ ನಾದಿನಿಯನ್ನು ಹೆರಿಗೆಗೆ ಕರೆದೊಯ್ಯುವುದೆಂದು ಮಾತಾಯಿತು. ನಾವು ಹೊರಟೆವು. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿದ ಮೇಲೆ ಅತ್ತೆ ಮುಂದಿನ ಸೀಟಿನಲ್ಲಿ ನಿದ್ದೆ ಹೋದರು. ನಾನು ಬೀಗುತ್ತ ಕೂತಿದ್ದೆ. ಯಾರ ಕೈಯಾಗೂ ಕೊಡೂದಿಲ್ಲ ಎಂದ ಮಾತನ್ನು ಬೆಲ್ಲದ ಹಾಗೆ ಬಾಯಲ್ಲಿಟ್ಟುಕೊಂಡಿದ್ದೆ. ಕಿಟಕಿಯ ಪಕ್ಕ ಕೂತ ನೆಗೆಣ್ಣಿ ಬಹಳ ಹೊತ್ತು ಹೊಲಗಳನ್ನು ನೋಡಿ, ನನ್ನ ಕಡೆ ತಿರುಗದೆಯೇ ಕೇಳಿದಳು.

"ಅಕ್ಕಾರ, ಕೂಸು ಬಂದ ಮ್ಯಾಲೆ ಎರಿಯೂದು ನನಗೂ ಒಂದಿನ ಕೊಡ್ತೀರೇನ್ರಿ?"

ನನ್ನದೇ ಮಷೀನನ್ನು ಒಂದು ದಿನ ನನಗೂ ಕೊಡು ಎಂದು ಕೇಳಲಾರದೆ ನಾನು ವರ್ಷಕ್ಕೂ ಮೇಲೆ ರೊಟ್ಟಿ ಬಡಿದಿದ್ದೆ. ಇವಳು ಕೇಳಿಯೇಬಿಟ್ಟಳು. ಆಗಲೂ ನನಗಾದದ್ದು ಹೊಟ್ಟೆಕಿಚ್ಚೇ. ಇವಳಿಗೆ ಕೇಳಲು ಬರುತ್ತದಲ್ಲ ಎಂದು.

ದೇವರ ಹಿಪ್ಪರಗಿ ದಾಟಿದ ಮೇಲೆ ಬಾಯಿ ಬಿಟ್ಟೆ.

"ಒಂದಿನ ಯಾಕ? ದಿನಾ ಬಾ. ನಾ ನೀರ ಹಾಕ್ತೇನಿ, ನೀ ಕಾಲ ಮ್ಯಾಲೆ ಹಾಕ್ಕೊಂಡು ಎಣ್ಣಿ ಹಚ್ಚು" ಎಂದೆ. ಅವಳು ನನ್ನ ಕಡೆ ಮುಖ ತಿರುಗಿಸಿದಳು. ಆ ಮುಖ ನೋಡಲಾರದೆ ಇನ್ನೊಂದು ಮಾತು ಸೇರಿಸಿದೆ. "ಆದ್ರ ಮದಲ ಆ ಮಷೀನ ಎಣ್ಣಿ ಕೈ ಛಂದಗೆ ತೊಳಕೊಂಡು ಬಾ."